ಹಿಮದ ಪಿಚ್ಚರಿನ ಕುದುರೆ

ಔಷಧಿ ಅಂಗಡಿ ಮನೆಯ ಎದುರಿಗೇ ಇದ್ದರೂ ಆಪರೇಟರ್ ತನ್ನ ಹೆಂಡತಿಯ ಬಿಪಿ ಮಾತ್ರೆ ತರಲು ಎರಡು ಬೀದಿ ದಾಟಿ ಹೋಗುತ್ತಿದ್ದ. ನಡೆದರೆ ಮೊಣಕಾಲಿಗೆ ಒಳ್ಳೆಯದೆಂದು ಹೀಗೆ ಹೋಗುತ್ತಾನೆ ಎಂದು ಯಾರಾದರೂ ತಿಳಿದರೆ ಅದು ಅವರ ತಪ್ಪು. ಕಾರಣ ಹೊಟ್ಟೆಕಿಚ್ಚು. ಕಲಬೆರಕೆಯಿಲ್ಲದ, ಅಪ್ಪಟ ಹೊಟ್ಟೆಕಿಚ್ಚು. ಎದುರಿನ ಅಂಗಡಿಯವನ ಮುಖ ಕಂಡರೆ ಸಾಕು, ಇವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ಅಲ್ರೀ, ಆ ಮನುಷ್ಯ ನಿಮಗೇನು ಮಾಡಿದ? ರಸ್ತೆ ದಾಟಿದ್ರೆ ಮಾತ್ರೆ ಸಿಗುತ್ತೆ. ನೀವು ಊರೆಲ್ಲ ಸುತ್ತಿ ಬರೋದ್ರೊಳಗೆ ನಂಗೆ ತಲೆ ತಿರುಗಿ ಬೀಳೋ ಹಂಗಾಗುತ್ತೆ," ಎಂದು ಹೆಂಡತಿ ಗೊಣಗುತ್ತಿದ್ದಳು.

"ಅವನ ಅಂಗಡಿ ಮಾತ್ರೇಲಿ ಬರೀ ಸೀಮೆಸುಣ್ಣ ಇರುತ್ತೆ ಕಣೇ," ಅನ್ನುತ್ತಿದ್ದ ಇವನು. ಪಾಪ, ಆ ಮಾತ್ರೆಗಳ ಮೇಲೆ ಯಾಕೆ ಸುಳ್ಳು ಹೇಳಬೇಕು!

ಮೂವತ್ತೊಂದು ವರ್ಷ ಇವನು ಟಾಕೀಸಿನಲ್ಲಿ ಸಿನಿಮಾ ಓಡಿಸಿದವನು. ಟಾಕೀಸು ಮುಚ್ಚಿ, ಅಲ್ಲಿ ಈಗ ಸೋಫಾ ಮಂಚಗಳ ಗೋದಾಮಾಗಿದೆ. ಆದರೂ ಊರಿಗೆಲ್ಲ ಇವನು ಆಪರೇಟರೇ. ಅಷ್ಟು ವರ್ಷಗಳಲ್ಲಿ ಓಡಿಸಿದ ಸಾವಿರ ಸಿನಿಮಾಗಳಲ್ಲಿ ಜನ ಮರೆಯದೆ ಉಳಿಸಿಕೊಂಡದ್ದು ಒಂದನ್ನೇ: ಇಟಲಿಯವರು ತೆಗೆದ ಒಂದು ಕೌಬಾಯ್ ಚಿತ್ರ. ಅದರಲ್ಲಿ ಮರಳೂ ಇಲ್ಲ, ಸುಡುಬಿಸಿಲೂ ಇಲ್ಲ. ಮೊದಲಿನಿಂದ ಕೊನೆಯವರೆಗೆ ಹಿಮ. ಹಿಮವನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲದ ಊರಿನಲ್ಲಿ ಅದು ಏಳು ವಾರ ಓಡಿತು. ಅದರ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಎಲ್ಲರಿಗೂ ಅದು 'ಹಿಮದ ಪಿಚ್ಚರ್'.

ಆ ಪಿಚ್ಚರಿನ ಹುಚ್ಚು ಹತ್ತಿದ ಏಳೆಂಟು ಮಂದಿ ಇವತ್ತಿಗೂ ಕ್ಷೌರದಂಗಡಿಯ ರಜೆಯ ದಿನ ಮಧ್ಯಾಹ್ನ ಅಲ್ಲಿ ಸೇರುತ್ತಾರೆ. ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋದರೆ ವಾದವೋ ವಾದ. ನಾಯಕ ಇಡೀ ಚಿತ್ರದಲ್ಲಿ ಹನ್ನೊಂದೇ ಮಾತು ಆಡುತ್ತಾನೆ, ಅದೇ ಅವನ ಗತ್ತು ಎಂದು ಕ್ಷೌರಿಕ. ಗತ್ತೂ ಇಲ್ಲ ಮಣ್ಣೂ ಇಲ್ಲ, ಚಳಿಗೆ ದವಡೆ ಕಟ್ಟಿರುತ್ತೆ ಎಂದು ಅಂಚೆಯವನು. ಅಂಥ ಚಳಿಯಲ್ಲಿ ಕೈಗವಸಿಲ್ಲದೆ ಕೋವಿಯ ಕುದುರೆ ಎಳೆಯುವುದು ಸುಳ್ಳು ಎಂದು ಡ್ರಿಲ್ ಮೇಷ್ಟ್ರು. ಆದರೆ ಒಂದು ವಿಷಯಕ್ಕೆ ಬಂದಾಗ ಎಲ್ಲರೂ ತಣ್ಣಗಾಗುತ್ತಿದ್ದರು. ನಾಯಕನ ಬಿಳಿ ಕುದುರೆ ಹಿಮದಲ್ಲಿ ಕುಸಿದು ಸಾಯುತ್ತದೆ. ಅವನು ತನ್ನ ಕಂಬಳಿ ಹೊದಿಸಿ ನಡೆದು ಹೋಗುತ್ತಾನೆ. ಮರುಕ್ಷಣವೇ, ನೋಡಿ, ಅದೇ ಕುದುರೆ ಅವನನ್ನು ಹೊತ್ತು ಬಿರುಗಾಳಿಯಲ್ಲಿ ಕಣಿವೆ ದಾಟುತ್ತದೆ! ಆಮೇಲೆ ಮತ್ತೆ ಎಲ್ಲೂ ಕಾಣುವುದಿಲ್ಲ.

ಕುದುರೆಯ ಮಾತು ಬಂದಾಗ ಮೊದಲೆಲ್ಲ ಎಲ್ಲರೂ ಆಪರೇಟರನತ್ತ ತಿರುಗುತ್ತಿದ್ದರು. ಕಿಟಕಿ ಪಕ್ಕದ ತಿರುಗುವ ಕುರ್ಚಿ ಅವನದು. "ನೂರ ತೊಂಬತ್ತಾರು ಆಟ ಓಡಿಸಿದೀನಪ್ಪಾ," ಎಂದಷ್ಟೇ ಹೇಳಿ ಅವನು ಕಣ್ಣು ಮುಚ್ಚುತ್ತಿದ್ದ. ಅಷ್ಟೇ ಸಾಕಾಗುತ್ತಿತ್ತು.

ಆಮೇಲೆ ಬಂದ, ಔಷಧಿಯವನು. ಚಿಕ್ಕಂದಿನಲ್ಲಿ ಆ ಪಿಚ್ಚರನ್ನು ಒಂದೇ ಒಂದು ಸಲ ನೋಡಿದವನು, ಅದೂ ಮುಂದಿನ ಬೆಂಚಿನಲ್ಲಿ ಕತ್ತೆತ್ತಿಕೊಂಡು. ಆದರೆ ಏನು ಮಾತು ಮಾರಾಯರೇ! "ಕುದುರೆ ಸತ್ತ ಮೇಲೂ ಒಡೆಯನ ಋಣ ಬಿಡಲಿಲ್ಲ. ಕಣಿವೆ ದಾಟಿಸಿತು, ಋಣ ತೀರಿತು, ಹೊರಟು ಹೋಯಿತು. ಇದನ್ನ ಯೋಚನೆ ಮಾಡಿದ ಆ ನಿರ್ದೇಶಕನ ಕೈಗೆ ಕಡಗ ಹಾಕಬೇಕು!" ಎಂದುಬಿಟ್ಟ. ಕ್ಷೌರಿಕ ಕಣ್ಣೊರೆಸಿಕೊಂಡ. ಬೇರೆ ಊರಿನ ಅಭಿಮಾನಿಗಳು ಫೋನಿನಲ್ಲಿ, ಕುದುರೆ ವಾಪಸ್ಸು ಬರುವ ದೃಶ್ಯವೇ ಇಲ್ಲ ಎಂದು ಬರೆದರೆ, "ನೀವು ನೋಡಿದ್ದು ಕತ್ತರಿಸಿದ ಪ್ರತಿ, ಪೂರ್ತಿ ಪ್ರತಿ ಬಂದದ್ದು ನಮ್ಮೂರಿಗೊಂದಕ್ಕೇ," ಎಂದು ಅವರ ಬಾಯಿ ಮುಚ್ಚಿಸಿದ. ನಾಲ್ಕೇ ವಾರದಲ್ಲಿ ಕಿಟಕಿ ಪಕ್ಕದ ಕುರ್ಚಿ ಅವನದಾಯಿತು. ಆಪರೇಟರ್ ಟವೆಲು ಒಣಗಿಸುವ ದಾರದ ಕೆಳಗಿನ ಸ್ಟೂಲಿಗೆ ಬಂದ.

ಅವನಿಗೆ ಸಂಕಟ ಕುರ್ಚಿಯದಲ್ಲ. ಆ ಸತ್ತ ಕುದುರೆಯನ್ನು ಎಬ್ಬಿಸಿದವನು ಇಟಲಿಯ ಯಾವ ನಿರ್ದೇಶಕನೂ ಅಲ್ಲ, ತಾನು! ಇದನ್ನು ಹೆಂಡತಿಗೂ ಅವನು ಹೇಳಿರಲಿಲ್ಲ.

ಆದದ್ದಿಷ್ಟು. ಹಿಮದ ಚಿತ್ರವೆಂದರೆ ಪರದೆಯೆಲ್ಲ ಬಿಳುಪು. ರೀಲಿನ ಮೇಲೆ ಒಂದು ಧೂಳಿನ ಕಣ ಕೂತರೂ ಜಿರಳೆ ಓಡಿದ ಹಾಗೆ ಕಾಣುತ್ತದೆ. ಬೇರೆ ಆಪರೇಟರುಗಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇವನು ಮೊದಲ ಆಟಕ್ಕೆ ಮುಂಚೆ ಒಂದೊಂದೇ ಡಬ್ಬಿ ತೆರೆದು, ಮೆತ್ತನೆಯ ಬಟ್ಟೆಯಲ್ಲಿ ರೀಲು ಒರೆಸಿ ಇಟ್ಟ. ಆ ಅತಿ ಶ್ರದ್ಧೆಯಲ್ಲೇ ಏಳನೆಯದರ ನಂಬರು ಬರೆದ ಮುಚ್ಚಳ ಎಂಟನೆಯದಕ್ಕೆ, ಎಂಟನೆಯದು ಏಳಕ್ಕೆ ಹೋಯಿತು. ಕುದುರೆ ಮೊದಲು ಸತ್ತಿತು, ಆಮೇಲೆ ಓಡಿತು. ಕ್ಯಾಬಿನ್ನಿನ ಕಿಂಡಿಯಲ್ಲಿ ಅದನ್ನು ಕಂಡು ಇವನ ಜೀವ ಬಾಯಿಗೆ ಬಂತು. ರೀಲು ತಪ್ಪಿಸಿದ ಆಪರೇಟರ್ ಎಂದರೆ ಆ ಕಸುಬಿನಲ್ಲಿ ಮುಖ ತೋರಿಸುವ ಹಾಗಿಲ್ಲ. ಆದರೆ ಕೆಳಗೆ ಇಡೀ ಟಾಕೀಸು ಎದ್ದು ನಿಂತು ಸಿಳ್ಳೆ ಹಾಕುತ್ತಿತ್ತು. ಇವನು ಬಾಯಿಗೆ ಬೀಗ ಹಾಕಿಕೊಂಡು ಉಳಿದ ನೂರ ತೊಂಬತ್ತೈದು ಆಟಗಳನ್ನೂ ಹಾಗೆಯೇ ಓಡಿಸಿದ.

ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ತನ್ನ ಕುದುರೆಯ ಮೇಲೆ ಔಷಧಿಯವನು ಸವಾರಿ ಮಾಡುತ್ತಾನೆ. ಹೀಗೆ ಒಂದು ವರ್ಷ ಇವನು ಹಲ್ಲು ಕಚ್ಚಿಕೊಂಡಿದ್ದ.

ಅಷ್ಟರಲ್ಲಿ ಅಂಚೆಯವನ ಅಳಿಯ ಎಲ್ಲಿಂದಲೋ ಆ ಚಿತ್ರದ ಡಿಸ್ಕ್ ಕಳಿಸಿದ. ಕ್ಷೌರಿಕ ಕನ್ನಡಿಯ ಪಕ್ಕ ಟಿವಿ ಇಟ್ಟ. ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ಕುದುರೆ ಬಿರುಗಾಳಿಯಲ್ಲಿ ಕಣಿವೆ ದಾಟಿತು. ಆಮೇಲೆ ಕುಸಿಯಿತು. ಕಂಬಳಿ ಹೊದಿಸಿಕೊಂಡಿತು. ಮತ್ತೆ ಏಳಲೇ ಇಲ್ಲ. ಚಿತ್ರ ಮುಗಿಯಿತು.

"ಇದೇನ್ರಪ್ಪಾ ಇದು?" ಎಂದ ಅಂಚೆಯವನು.

ಎಲ್ಲರ ಕಣ್ಣೂ ಔಷಧಿಯವನ ಮೇಲೆ. ಅವನ ಮುಖ ಸಪ್ಪಗಾಗಿತ್ತು. ಆಪರೇಟರನಿಗೋ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಬೇಕಿತ್ತು ನಿನಗೆ! ಇನ್ನೂ ಹೊಡಿ ಭಾಷಣ!

ಔಷಧಿಯವನು ಸ್ಟೂಲಿನ ಕಡೆ ತಿರುಗಿ, "ಆಪರೇಟರಣ್ಣ, ಓಡಿಸಿದವರು ನೀವು. ನೀವಾದ್ರೂ ಹೇಳಿ, ಕುದುರೆ ವಾಪಸ್ ಬಂದಿತ್ತು ಅಲ್ವಾ?" ಎಂದ.

"ಬಂದಿತ್ತು," ಎಂದ ಆಪರೇಟರ್. ಸುಮ್ಮನಾಗಬಹುದಿತ್ತು. ವರ್ಷದಿಂದ ಬೆಂದ ಹೊಟ್ಟೆ ಬಿಡಬೇಕಲ್ಲ! "ಬರಿಸಿದ್ದು ನಾನು ಕಣಯ್ಯಾ. ನಿನ್ನ ನಿರ್ದೇಶಕ ಅಲ್ಲ. ಏಳನೇ ರೀಲು, ಎಂಟನೇ ರೀಲು ಅದಲುಬದಲು ಮಾಡಿ ಓಡಿಸಿದವನು ನಾನು. ನೀನು ಒಂದು ವರ್ಷದಿಂದ ಹೊಗಳ್ತಾ ಇರೋದು ನನ್ನ ತಪ್ಪನ್ನ!"

ಈಗ ಒಬ್ಬ ನಗುತ್ತಾನೆ, ಎಲ್ಲರೂ ನಗುತ್ತಾರೆ, ನಾಳೆ ಬೀದಿಯೆಲ್ಲ ಆಡಿಕೊಳ್ಳುತ್ತದೆ ಎಂದು ಆಪರೇಟರ್ ಕಾದ. ನಗಲಿ, ಆದರೆ ಕುದುರೆ ನನ್ನದು ಎಂದು ಇನ್ನು ಎಲ್ಲರೂ ಒಪ್ಪಲೇಬೇಕು. ಅಷ್ಟಾದರೆ ಸಾಕು ಎಂದುಕೊಂಡ.

ಔಷಧಿಯವನು ನಗಲಿಲ್ಲ. ಎದ್ದು ಬಂದು ಇವನ ಎರಡೂ ಕೈ ಹಿಡಿದುಕೊಂಡ. "ಅಣ್ಣಾ! ಇಷ್ಟು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ರಾ? ಎಲ್ಲ ಹೇಳಿ, ಒಂದೂ ಬಿಡಬೇಡಿ." ಅವನ ಕಣ್ಣುಗಳು ಮಿನುಗುತ್ತಿದ್ದವು. ಆಪರೇಟರ್ ಹೇಳಿದ: ಧೂಳು, ಮೆತ್ತನೆಯ ಬಟ್ಟೆ, ಮುಚ್ಚಳ, ಕಿಂಡಿ. ತಡವರಿಸಿಕೊಂಡು, ಹಿಂದುಮುಂದಾಗಿ, ಐದು ನಿಮಿಷದಲ್ಲಿ ಮುಗಿಸಿದ. ಕ್ಷೌರಿಕ ನಡುವೆ ಒಮ್ಮೆ ಆಕಳಿಸಿದ.

ಮುಂದಿನ ವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಔಷಧಿಯವನು ಊರಿಗೆಲ್ಲ ಹೇಳಿ ಕರೆಸಿದ್ದ. ಆಪರೇಟರನ ಹೆಂಡತಿಯೂ ಬಂದು ಬಾಗಿಲ ಬಳಿ ನಿಂತಿದ್ದಳು. ಆಪರೇಟರನನ್ನು ಕಿಟಕಿ ಪಕ್ಕದ ಕುರ್ಚಿಯಲ್ಲೇ ಕೂರಿಸಿದರು. ಅವನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಔಷಧಿಯವನು ಮಧ್ಯೆ ಬಂದು ನಿಂತು ಶುರುಮಾಡಿಯೇ ಬಿಟ್ಟ.

"ಆ ಕ್ಯಾಬಿನ್ನಲ್ಲಿ ಒಬ್ಬನೇ ಒಬ್ಬ ಮನುಷ್ಯ. ಬೆವರಿಳೀತಿದೆ. ಎದುರಿಗೆ ಹಿಮ ಸುರೀತಿದೆ. ಕೈಯಲ್ಲಿ ಒಂದು ಮೆತ್ತನೆ ಬಟ್ಟೆ..."

ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಅಂಚೆಯವನು ಕಣ್ಣೊರೆಸಿಕೊಂಡ. ಆಪರೇಟರನ ಹೆಂಡತಿ, ಮೂವತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿ, ಗಂಡನ ಕಡೆ ನೋಡುವುದನ್ನೂ ಮರೆತು ಔಷಧಿಯವನ ಮುಖವನ್ನೇ ನೋಡುತ್ತಿದ್ದಳು. ಆಪರೇಟರನಿಗೆ ಎದ್ದು ಹೋಗಿ ಆ ಮನುಷ್ಯನ ಬಾಯಿಗೆ ಟವೆಲು ತುರುಕಬೇಕೆನಿಸಿತು. ಹಾಳಾದವನು! ಕುದುರೆಯನ್ನು ಬಿಟ್ಟುಕೊಟ್ಟ, ಈಗ ನನ್ನನ್ನೇ ಎತ್ತಿಕೊಂಡ!

ಅಷ್ಟರಲ್ಲಿ ಔಷಧಿಯವನು ದನಿ ತಗ್ಗಿಸಿ, "ಆಗ ಅವನು ಕಿಂಡಿಗೆ ಕಣ್ಣಿಟ್ಟ..." ಎಂದು ತಡೆದ. ಮುಂದೇನಾಯಿತು ಎಂದು ಕೇಳಲು ಎಲ್ಲರ ಜೊತೆ ಆಪರೇಟರನೂ ಕುರ್ಚಿಯ ತುದಿಗೆ ಸರಿದು ಕುಳಿತ.