ಹೊಳೆವ್ವನ ಬಾವಿಯ ಆಮೆ

ಬಾಗಲಗುಂಟೆಯಲ್ಲಿ ನಮ್ಮ ಮನೆಯವರು ಕಟ್ಟಿಸಿಟ್ಟು ಹೋದ ವಠಾರದ ಬಾವೀಲಿ ಒಂದು ಆಮೆ ಇತ್ತು. ಬಿಟ್ಟಿದ್ದು ನಮ್ಮಲ್ಲಿ ಬಾಡಿಗೆಗಿದ್ದ ಹೊಳೆವ್ವನ ಗಂಡ ಭೀಮಪ್ಪ. ಯಾದಗಿರಿ ಕಡೆಯವನು, ಗಾರೆ ಕೆಲಸ. ಬಾವಿ ಹೂಳು ತೆಗೆದ ದಿನ ಎಲ್ಲಿಂದಲೋ ಅಂಗೈಯಗಲದ ಮರಿ ತಂದು, "ನೀರಾಗ ಒಂದು ಜೀವ ಇರಬೇಕ್ರಿ, ನೀರು ಸ್ವಚ್ಛ ಇರ್ತೈತಿ" ಅಂದು ಇಳಿಬಿಟ್ಟ. ಆಮೇಲೊಂದು ದಿನ ಕಟ್ಟಡದ ಸಾರವೆಯಿಂದ ಬಿದ್ದು ಸತ್ತ.

ಹೊಳೆವ್ವ ಊರಿಗೆ ಹೋಗಲಿಲ್ಲ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸೋ ಕೆಲಸ ಹಿಡಿದಳು. ಸಂಜೆ ಬಂದವಳು ಬ್ಯಾಗು ಇಡೋಕೆ ಮೊದಲೇ ಬಾವಿಗೆ ಬಗ್ಗಿ ನಾಲಿಗೆ ಲೊಚಗುಟ್ಟೋಳು. ಆಮೆ ಮೂತಿ ಎತ್ತೋದು. ಪಕ್ಕದ ಮನೆ ಸಿದ್ದಮ್ಮ ಬಟ್ಟೆ ಒಗೀತಾ, "ಲೇ ಹೊಳೆವ್ವ, ನಿನ್ ಯಜಮಾನ್ರು ಊಟಕ್ ಬಂದವ್ರೆ ನೋಡು" ಅಂತ ರೇಗಿಸೋಳು.

"ಬರಲಿ ಬಿಡ್ರಿ, ನಿಮ್ಮವ್ರಂಗ ಕುಡದಂತೂ ಬರಂಗಿಲ್ಲ" ಅನ್ನೋಳು ಇವಳು.

ರಜೆ ದಿನ ಕೆರೆಗೆ ಹೋಗಿ ಡಬ್ಬಿ ತುಂಬ ಬಸವನಹುಳು ಆರಿಸಿ ತಂದು, ಜೀವಂತ ಬಾವಿಗೆ ಬಿಡೋಳು. ಅವು ಕಲ್ಲಿಗಂಟಿ ಮರಿ ಮಾಡಿದರೆ, ತಾನು ಓಟಿ ಮಾಡಿ ತಡವಾಗಿ ಬರೋ ದಿನವೂ ಆಮೆ ಹಸ್ಕೊಂಡಿರಲ್ಲ ಅಂತ ಅವಳ ಯೋಚನೆ.

ಹೋದ ವರ್ಷ ಆಮೆ ತಿನ್ನೋದು ಬಿಟ್ಟಿತು. ಕತ್ತು ಊದಿ, ಮುಳುಗಲಾರದೆ ತೇಲ್ತಾ ಇತ್ತು. ಒಂದು ಬೆಳಿಗ್ಗೆ ಸತ್ತಿತ್ತು. ಫ್ಯಾಕ್ಟರಿ ನೀರು ಇಂಗಿ ಬಂದಿದೆ ಅಂತ ವಠಾರವೆಲ್ಲ ಅಂದಿತು. "ಕೊಂದಾವ್ರು ಯಾರಂತ ನನಗ ಗೊತ್ತಾಗಬೇಕು" ಅಂದಳು ಹೊಳೆವ್ವ.

ಮಹಡಿ ಮನೆಯ ನಿವೇದಿತಾ ನೀರಿನ ಪ್ರಾಣಿಗಳ ಜಂತು ಬಗ್ಗೆ ಓದೋ ಹುಡುಗಿ. ಅರಣ್ಯ ಇಲಾಖೆಗೆ ತಿಳಿಸಿ ಆಮೆಯನ್ನ ಕಾಲೇಜಿಗೆ ಒಯ್ದಳು. ಅದರ ರಕ್ತನಾಳದಲ್ಲಿ ದಾರದೆಳೆಯಂಥ ಜಂತು ಸಿಕ್ಕವು. ಬಾವಿಯ ಬಸವನಹುಳುವಿನಲ್ಲೂ ಕೆರೆಯದರಲ್ಲೂ ಬಾಲವಿರೋ ಚುಕ್ಕಿಯಂಥ ಮರಿ ಸಿಕ್ಕವು. ನೋಡೋಕೆ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಎಲ್ಲದರ ಡಿಎನ್‌ಎ ತೆಗೆದು ಮೆಷಿನ್ನಿನಲ್ಲಿ ಓದಿಸಿದರೆ ಜಂತುವೂ ಮರಿಯೂ ಒಂದೇ ಜಾತಿ ಅಂತ ಬಂತು. ಜಂತುವಿನ ಮರಿ ಬಸವನಹುಳುವಿನಿಂದ ಹೊರಬಿದ್ದು, ನೀರಲ್ಲಿ ಈಜಿ, ಆಮೆಯ ಚರ್ಮ ಕೊರೆದು ಒಳಗೆ ಹೋಗುತ್ತಂತೆ.

"ಅಜ್ಜಿ, ಅವರಿಗೆ ಹೇಗೆ ಹೇಳ್ಲಿ? ಫ್ಯಾಕ್ಟರಿ ನೀರೇ ಅಂದ್ಬಿಡ್ಲಾ?" ಅಂತ ನಿವೇದಿತಾ ನನ್ನ ಕೇಳಿದಳು.

"ಬೇಡಮ್ಮ. ಅವಳು ಕೇಳಿರೋದು ನಿಜ ಏನು ಅಂತ" ಅಂದೆ.

ನಿವೇದಿತಾ ಹೊಳೆವ್ವನನ್ನ ಬಾವಿಕಟ್ಟೆ ಮೇಲೆ ಕೂರಿಸಿಕೊಂಡು ಹೇಳಿದಳು. ಹೊಳೆವ್ವ ಪೂರ್ತಿ ಕೇಳಿಸಿಕೊಂಡು, "ನಾ ತಂದು ಬಿಟ್ಟ ಹುಳದಿಂದನ ಏನ್ರಿ?" ಅಂದಳು. ನಿವೇದಿತಾ ಹೂಂಗುಟ್ಟಿದಳು.

ಹೊಳೆವ್ವ ಅಳಲಿಲ್ಲ. ಉದ್ದ ಬಿದಿರಿಗೆ ಬಲೆ ಕಟ್ಟಿ, ಬಾವಿ ಕಲ್ಲಿಂದ ಬಸವನಹುಳು ಕೆರೆದು ತೆಗೆಯೋಕೆ ಶುರು ಮಾಡಿದಳು. ತೆಗೆದಿದ್ದನ್ನ ಡಬ್ಬಿಗೆ ಹಾಕಿ, "ಇವನ್ನೂ ನೋಡ್ರಿ" ಅಂತ ಮಹಡಿಗೆ ಕೊಟ್ಟು ಬರೋಳು.

ಮೊನ್ನೆ ನಿವೇದಿತಾ ಡಬ್ಬಿ ಹಿಡಿದು ಇಳಿದು ಬಂದು, "ಹೊಳೆವ್ವಕ್ಕ, ಈ ಸಲದ್ದು ಒಂದರಲ್ಲೂ ಜಂತು ಇಲ್ಲ" ಅಂದಳು. ಸಮಾಧಾನ ಆಗಲಿ ಅಂತ ಹೇಳಿದ್ದು, ಪಾಪ.

ಡಬ್ಬಿಯಲ್ಲಿ ಉಳಿದಿದ್ದ ಒಂದನ್ನ ಹೊಳೆವ್ವ ಅಂಗೈಲಿಟ್ಟು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ಹಿಡಿದಳು.

"ನಾ ಕೆರಿಯಿಂದ ತಂದಾವೂ ಹಿಂಗ ಇದ್ವು ಅಜ್ಜಿ, ಕಣ್ಣಿಗೆ. ಇಂಥಾ ಜಂತಿಲ್ಲದವ ಆರಿಸಿ ಹಾಕಬೇಕಿತ್ತು ನಾ."