ಒಂದರ ಮೇಲೆ ಕುಳಿತ ಮುಳ್ಳು

ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವ ನಮ್ಮ ಹ್ಯಾಮ್ ಕ್ಲಬ್ಬಿನ ಅಧ್ಯಕ್ಷರಿಗೆ ಮೀಟರಿನ ಮುಳ್ಳೇ ಮನೆದೇವರು. ಆಂಟೆನಾಕ್ಕೆ ಕಳಿಸಿದ ಶಕ್ತಿ ವಾಪಸು ಬರದಿದ್ದರೆ ಆ ಮುಳ್ಳು ಒಂದರ ಮೇಲೆ ಕೂರುತ್ತದೆ, ಬಂದಷ್ಟೂ ಮೇಲೇರುತ್ತದೆ. ವಾಪಸು ಬರದ ಶಕ್ತಿ ಎಲ್ಲಿಗೆ ಹೋಯಿತೆಂದು ಅದು ಹೇಳುವುದಿಲ್ಲ, ಅವರೂ ಕೇಳುವವರಲ್ಲ.

ಪ್ರವಾಹದಲ್ಲಿ ಫೋನು ಸತ್ತರೆ ನಾವು ಉಪಯೋಗಕ್ಕೆ ಬರುತ್ತೇವೋ ಇಲ್ಲವೋ ನೋಡಲು ಅಧಿಕಾರಿಗಳು ಕಮಲಾಪುರಕ್ಕೆ ಬರುವವರಿದ್ದರು. ಅಲ್ಲಿಂದ ಅಧ್ಯಕ್ಷರು ಮಾತಾಡಬೇಕು, ಕಲಬುರಗಿಯ ಬ್ರಹ್ಮಪುರದ ನಮ್ಮ ಮಾಳಿಗೆಯ ಮೇಲೆ ಕುಳಿತು ನಾನು ಉತ್ತರಿಸಬೇಕು. ಕ್ಲಬ್ಬಿನಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಚಹಾ ಹಂಚುವುದು ಬಿಟ್ಟು ಮೈಕು ಹಿಡಿಯುವ ಕೆಲಸ ಸಿಕ್ಕಿದ್ದು ಅದೇ ಮೊದಲು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಅಧ್ಯಕ್ಷರು ಲ್ಯಾಪ್‌ಟಾಪಿನಲ್ಲಿ ಲೂಪ್ ಆಂಟೆನಾದ ಮಾದರಿ ಮಾಡಿ, ಬಣ್ಣಬಣ್ಣದ ಚಿತ್ರವನ್ನು ಗ್ರೂಪಿಗೆ ಹಾಕಿದರು. ಚಿತ್ರದಲ್ಲಿ ತಂತಿಯ ಚೌಕ ಖಾಲಿ ಆಕಾಶದಲ್ಲಿ ತೇಲುತ್ತಿತ್ತು. ಕಮಲಾಪುರದಲ್ಲಿ ಅದನ್ನು ಕಟ್ಟಿದ್ದು ಬಾಳೆತೋಟದ ತಗಡಿನ ಶೆಡ್ಡಿಗೆ ಒತ್ತಿ. ತಗಡು ಅಷ್ಟು ಹತ್ತಿರವಿದ್ದುದಕ್ಕೆ ಮೇಲೇರಿದ ಮುಳ್ಳು ಇಳಿಯಲೇ ಇಲ್ಲ. ಆಗ ಬುಡದಲ್ಲಿ ಒಂದು ಡಬ್ಬಿ ಸೇರಿಸಿದರು. ಮುಳ್ಳು ಒಂದಕ್ಕೆ ಬಂತು. ಪೇಢೆ ಹಂಚಿದರಂತೆ.

ಮಾಳಿಗೆಯ ಮೇಲೆ ನನಗೆ ಬರೀ ಸುಂಯ್ ಎಂಬ ಸದ್ದು. ಅಧ್ಯಕ್ಷರಿಗೆ ಫೋನ್ ಮಾಡಿ ಹೇಳಿದರೆ, "ಮುಳ್ಳು ಒಂದರ ಮ್ಯಾಲ ಕುಂತದ್ರೀ ಮೇಡಂ. ನಿಮಗ ಕೇಳ್ಸಿಕೊಳ್ಳಾಕ ಬರಂಗಿಲ್ಲ" ಎಂದರು.

ಮೈ ಉರಿಯಿತು. ಲೈಸೆನ್ಸ್ ಇರುವ ಗಂಡನನ್ನು ಮಾಳಿಗೆಯ ಮೇಲೆ ಕೂರಿಸಿ ಕಮಲಾಪುರದ ಬಸ್ಸು ಹತ್ತಿದೆ. ಅಧ್ಯಕ್ಷರು ಮೈಕಿನಲ್ಲಿ ಕೂಗುತ್ತಿರುವಾಗ ಡಬ್ಬಿ ಮುಟ್ಟಿದೆ. ಕೈ ಚುರ್ ಎಂದಿತು. ಒಳಗಿದ್ದದ್ದು ಶಕ್ತಿ ನುಂಗಿ ಬಿಸಿಯಾಗುವ ರೆಸಿಸ್ಟರುಗಳು.

"ನಿಮ್ಮ ಮಾತು ಕಲಬುರಗಿಗೆ ಹೊಂಟಿಲ್ರೀ ಸರ್, ಈ ಡಬ್ಬಿ ಕಾಸಾಕತ್ತದ" ಎಂದು ಅದನ್ನು ಕಿತ್ತೆ. ತಂತಿಯನ್ನು ಶೆಡ್ಡಿನಿಂದ ದೂರ ಎಳೆದು ಕಟ್ಟಿಸಿದೆ. ಮುಳ್ಳು ಎರಡರ ಹತ್ತಿರ ನಿಂತಿತು. ನಾನೇ ಮೈಕು ಹಿಡಿದು ಕರೆದೆ.

"ಗಂಟಿ ಹೊಡದಂಗ ಕೇಳ್ಸಾಕತ್ತದ" ಎಂದು ಬ್ರಹ್ಮಪುರದಿಂದ ಗಂಡನ ದನಿ ಬಂತು.

ಆ ದನಿ ಅಧ್ಯಕ್ಷರ ಕಿವಿಗೇ ಬೀಳಲಿಲ್ಲ. ಮೀಟರು ನೋಡಿ, "ಎರಡು ಬಂತಲ್ರೀ!" ಎಂದು ಮುಖ ಸಣ್ಣ ಮಾಡಿಕೊಂಡರು. ಇಂಥವರಿಗೆ ನಾನು ಚಹಾ ಕೊಟ್ಟಿದ್ದೆನಲ್ಲ ಎಂದು ನನಗೆ ಹೇಸಿಗೆಯಾಯಿತು.

ಅಧಿಕಾರಿಗಳು ಬಂದ ದಿನ ನಾನು ಮಾಳಿಗೆಯ ಮೇಲಿದ್ದೆ. ಬೆಳಗಿನಿಂದ ಚೆನ್ನಾಗಿ ಕೇಳುತ್ತಿದ್ದ ಕಮಲಾಪುರ, ಅವರು ಬರುವ ಹೊತ್ತಿಗೆ ಮತ್ತೆ ಸುಂಯ್ ಎಂದಿತು. ಎಷ್ಟು ಕರೆದರೂ ಅಷ್ಟೇ. ಸಂಜೆ ಗ್ರೂಪಿಗೆ ಫೋಟೊ ಬಂತು. ಅಧ್ಯಕ್ಷರು ಅಧಿಕಾರಿಗಳಿಗೆ ಮೀಟರು ತೋರಿಸುತ್ತಿದ್ದರು. ಮುಳ್ಳು ಒಂದರ ಮೇಲೆ, ಆಂಟೆನಾದ ಬುಡಕ್ಕೆ ಮತ್ತೆ ಸೇರಿದ ಆ ಡಬ್ಬಿ. ಆಂಟೆನಾ ಸರಿಯಾಗಿತ್ತು, ಬ್ರಹ್ಮಪುರದ ಮೇಡಂ ಉತ್ತರಿಸಲಿಲ್ಲ ಎಂದು ಕೆಳಗೆ ಬರೆದಿದ್ದರು.

ಅಂದೇ ಕ್ಲಬ್ಬು ಬಿಟ್ಟೆ. ಸಭೆಗಳಲ್ಲಿ ಚಹಾಕ್ಕೆ ಬಹಳ ತೊಂದರೆಯಾಗಿದೆಯಂತೆ. ಆ ಡಬ್ಬಿಯ ಮೇಲೆ ಕಾಸಿಕೊಳ್ಳಲಿ.