ಚೂಪು ಮೂಗಿನ ಗುಂಡು

ನಮ್ಮಣ್ಣ ಸಿದ್ದಪ್ಪ ಪಿಸ್ತೂಲಿನ ಗುಂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದ. ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವವರು ಹಾಗೆ ಮಾಡುತ್ತಾರೆ. ಕಾಯಿಯೊಳಗೆ ನೀರಾದರೂ ಇರುತ್ತದೆ, ಸೀಸದ ಗುಂಡಿನೊಳಗೆ ಏನಿರುತ್ತದೆ? ಕೇಳಿದರೆ, "ನಿನಗ ತಿಳಿಯಂಗಿಲ್ಲ ಶಾಂತವ್ವ. ಅಚ್ಚಿಗಿ ಸೀಸ ಹೊಯ್ಯೋ ಹೊತ್ತಿಗಿ ಒಳಗ ಗಾಳಿ ಕುಂತಿದ್ರ ಗುಂಡು ದಾರಿ ತಪ್ಪತದ" ಅನ್ನುತ್ತಿದ್ದ. ಗಾಳಿ ಕುಂತದ್ದು ಗುಂಡಿನಲ್ಲಲ್ಲ, ಎಲ್ಲಿ ಎಂದು ನನಗೆ ಗೊತ್ತಿತ್ತು. ಅವನ ಮುಖಕ್ಕೇ ಹೇಳಿಯೂ ಇದ್ದೆ.

ಮಿಲಿಟ್ರಿಯಲ್ಲಿ ಹವಾಲ್ದಾರನಾಗಿ ದುಡಿದು ಅವನು ಕೆಂಭಾವಿಗೆ ಮರಳಿದ್ದು ಕಾಲುವೆಗೆ ನೀರು ಬಂದ ಹೊತ್ತಿನಲ್ಲಿ. ಜೋಳ ಬಿಟ್ಟು ಭತ್ತ ಹಚ್ಚುವ ಗಡಿಬಿಡಿ ಊರಿಗೆಲ್ಲ. ಇವನ ಹೊಲದ ಅಂಚಿಗೇ ಕಾಲುವೆ ಹಾಯ್ದು, ತೋಡಿದ ಮಣ್ಣು ಮನೆಯೆತ್ತರ ದಿಬ್ಬವಾಗಿ ಬಿದ್ದಿತ್ತು. ಬೇರೆಯವರ ಹೊಲದಲ್ಲಿ ಅಂಥ ದಿಬ್ಬ ಬಿದ್ದರೆ ಕಾಲುವೆಯವರಿಗೆ ಬೈದುಕೊಳ್ಳುತ್ತಿದ್ದರು. ನಮ್ಮಣ್ಣ ಕುಣಿದ. ಗುಂಡು ತಡೆಯಲು ಸರ್ಕಾರವೇ ಗೋಡೆ ಕಟ್ಟಿಕೊಟ್ಟಿದೆಯಂತೆ! ಲೈಸೆನ್ಸು, ಪರವಾನಗಿ ಎಂದು ಚಪ್ಪಲಿ ಸವೆಸಿ, ಎಲ್ಲಾ ಕಾಯಿದೆ ಪ್ರಕಾರ ಮಾಡಿಸಿಕೊಂಡು ಬಂದ. ದಿಬ್ಬದ ಮುಂದೆ ಒಂದರೊಳಗೊಂದು ದುಂಡು ಗೆರೆಯ ಕಾಗದ ನೆಟ್ಟು ನಿಶಾನಿ ಹೊಡೆಯತೊಡಗಿದ. ಭತ್ತ ತಿನ್ನುವ ಹಕ್ಕಿಗಳು ಓಡಿಹೋದದ್ದೊಂದೇ ಲಾಭ.

ಅಂಗಡಿಯಿಂದ ಮದ್ದು ತುಂಬಿದ ತೋಟಾ ಕೊಂಡು ತಂದರೆ ಅವನಿಗೆ ಸಮಾಧಾನವಿಲ್ಲ. ತಾನೇ ಗುಂಡು ಎರಕ ಹೊಯ್ಯಬೇಕು, ತಾನೇ ಆರಿಸಬೇಕು, ತಾನೇ ತುಂಬಬೇಕು. ತುಂಬುವ ಕೆಲಸ ಬಾಗಿಲು ಹಾಕಿಕೊಂಡು ಮಾಡುತ್ತಿದ್ದ, ನನಗೆ ಅದರ ಸುದ್ದಿ ಬೇಡ. ಆದರೆ ಆರಿಸುವ ಕೆಲಸ ಮಾತ್ರ ಪಡಸಾಲೆಯಲ್ಲಿ, ಹೋಗಿಬರುವವರ ಕಣ್ಣೆದುರಿಗೇ ನಡೆಯಬೇಕು. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದೊಂದನ್ನೂ ತೂಗುವುದು. ಮುಖ ನೋಡುವ ಕನ್ನಡಿಯನ್ನು ಗೋಡೆಯಿಂದಿಳಿಸಿ ಅದರ ಮೇಲೆ ಉರುಳಿಸುವುದು. ಅಡ್ಡ ಉರುಳಿದರೆ "ತೆಗಿ, ಇದು ಸೊಟ್ಟ" ಎಂದು ಮತ್ತೆ ಬಾಣಲೆಗೆ. ಉಗುರಿನಿಂದ ಗೀರಿ ನೋಡುವುದು, ಬುಡ ನೋಡುವುದು. ಬುಡ ಚೊಕ್ಕವಾಗಿರಬೇಕು, ಇಲ್ಲದಿದ್ದರೆ ಹಾರುವಾಗ ವಾಲುತ್ತದೆ ಎಂದು ಬಂದವರಿಗೆಲ್ಲ ಪಾಠ. ಆ ಮನೆಯಲ್ಲಿ ತಲೆ ಬಾಚಲು ಕನ್ನಡಿಯಿಲ್ಲದೆ ಅವನ ಹೆಂಡತಿ, ನನ್ನ ವೈನಿ, ನೀರಿನ ಕೊಡದಲ್ಲಿ ಮುಖ ನೋಡಿಕೊಳ್ಳುತ್ತಿದ್ದಳು.

ಆ ವೈನಿ ಗುರುಬಾಯಿಯ ಪಾಲಿಗೆ ಬಂದದ್ದು ದಿಬ್ಬ. ಹಾರಿಸಿದ ಸೀಸ ಹಾಳಾಗಬಾರದೆಂದು ಅವಳು ದಿಬ್ಬದ ಮಣ್ಣು ಕೆದರಿ ಸಾಣಿಗಿಯಲ್ಲಿ ಸೋಸಿ ಗುಂಡು ಹೆಕ್ಕಿ ತರಬೇಕು, ಇವನು ಅದನ್ನೇ ಕಾಸಿ ಮತ್ತೆ ಹೊಯ್ಯುತ್ತಾನೆ. ಹಿಟ್ಟು ಸೋಸುವ ಸಾಣಿಗಿಯೂ ಅದೇನಾ ಎಂದು ನಾನು ಕೇಳಲಿಲ್ಲ. ಅವರ ಮನೆಯಲ್ಲಿ ರೊಟ್ಟಿ ತಿನ್ನುವುದನ್ನು ಬಿಟ್ಟೆ, ಅಷ್ಟೆ.

ಅವನ ಬಳಿ ಎರಡು ಅಚ್ಚುಗಳಿದ್ದವು. ಒಂದರಲ್ಲಿ ಹೊಯ್ದ ಗುಂಡಿಗೆ ಗಿಣಿಯ ಕೊಕ್ಕಿನಂಥ ಚೂಪು ಮೂಗು. ಇನ್ನೊಂದರದ್ದು ಮುಂದೆ ಕೊಯ್ದಿಟ್ಟ ಹಾಗೆ ಚಪ್ಪಟೆ, ಮೊಂಡು. ಆ ಮೊಂಡು ಅಚ್ಚು ತಂದುಕೊಟ್ಟವನು ಶಹಾಪುರದ ಮೌಲಾಲಿ, ಇವನ ಜೊತೆಗೇ ಮಿಲಿಟ್ರಿಯಲ್ಲಿದ್ದವನು. "ಅರೇ ಹವಾಲ್ದಾರ್ ಸಾಬ್, ಕಾಗದಕ್ಕ ಹೊಡಿಯಾಕ ಮೂಗು ಯಾಕ ಬೇಕ್ರಿ?" ಅನ್ನುತ್ತಿದ್ದ ಮೌಲಾಲಿ. "ಚೂಪಂದು ಕಾಗದ ಹರಿತದ. ಮೊಂಡಂದು ವಾಟಗ ಬೋರಲು ಒತ್ತಿ ಹಪ್ಪಳ ಕೊಯ್ದಂಗ ದುಂಡಗ ಕೊಯ್ತದ. ತೂತು ಗೆರಿಗಿ ಮುಟ್ಟೇದೋ ಇಲ್ಲೋ ಅಂಬೋದು ಪಂದ್ಯದಾಗ ಪಂಚರಿಗಿ ಕಾಣಬೇಕಲ್ಲರಿ."

"ಮೊಂಡಕ್ಕ ಲಕ್ಷಣಿಲ್ಲೋ ಮೌಲಾ. ಡಬ್ಬಿ ತೆರದ್ರ ನಾಕು ಮಂದಿ ಹೌದೌದು ಅನಬೇಕು."

"ಮಂದಿ ಡಬ್ಬಿ ನೋಡಾಕ ಬರ್ತಾರೇನು?"

ನಮ್ಮಣ್ಣ ತನ್ನ ಮೂಗಿನ ಮೇಲೆ ಬೆರಳಾಡಿಸಿಕೊಂಡ. ಅವನದು ಅಪ್ಪನ ಮೂಗು, ನೆಟ್ಟಗೆ ಕತ್ತಿಯಂತಿತ್ತು. ನನಗೆ ಬಂದದ್ದು ಅವ್ವನ ಮೊಂಡು ಮೂಗು. ನನ್ನ ಮಗಳು ನೀಲಾಳಿಗೂ ಅದೇ ಬಂತು.

ಮೂಗಿನ ಮಾತು ಯಾಕೆ ಎತ್ತಿದೆನೆಂದರೆ, ನೀಲಾ ತೊಟ್ಟಿಲಲ್ಲಿದ್ದಾಗ ಇದೇ ಸಿದ್ದಪ್ಪ ರಜೆಗೆ ಬಂದವನು ಸಕ್ಕರೆ, ಕುಬಸದ ಖಣ ಇಟ್ಟು, "ಇಕಿ ನನ್ನ ಮಗ ಬಸವನ ಹೇಣ್ತಿ, ನನ್ನ ಸೊಸಿ" ಎಂದು ಓಣಿಯವರೆಲ್ಲ ಕೇಳುವ ಹಾಗೆ ಸಾರಿ ಹೋಗಿದ್ದ. ಊರಿಗೆಲ್ಲ ಅದು ಗೊತ್ತಿತ್ತು. ಹಾಗಾಗಿ ಹೆಣ್ಣು ಕೇಳಲು ಬೇರೆ ಯಾರೂ ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ. ಮಗಳ ಜೊತೆಯವರೆಲ್ಲ ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ತವರಿಗೆ ಬಂದು ಹೋಗುತ್ತಿದ್ದರು. ನೀಲಾ ಅವರ ಮಕ್ಕಳಿಗೆ ಎಣ್ಣೆ ಹಚ್ಚುತ್ತಿದ್ದಳು.

ಕೊನೆಗೆ ನಾನೇ ಕೇಳಲು ಹೋದೆ. ಅಣ್ಣ ಕನ್ನಡಿಯ ಮೇಲೆ ಗುಂಡು ಉರುಳಿಸುತ್ತಾ ಕುಳಿತಿದ್ದ. ಮದುವೆಯ ವಯಸ್ಸಿನ ಮಗ ಬಸವ ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತಿದ್ದ. ಅಪ್ಪನ ಮುಂದೆ ಆ ಹುಡುಗನಿಗೆ ಬಾಯಿಯೇ ಇರಲಿಲ್ಲ.

"ಅಣ್ಣಾ, ಸಕ್ಕರಿ ಇಟ್ಟು ಹೋದಿ. ಇರುವಿ ತಿಂದು ಹೋದ್ವು. ಇನ್ನ ಯಾವಾಗ?"

"ಕಲಬುರ್ಗಿ ಪಂದ್ಯ ಮುಗೀಲಿ ತಂಗಿ."

"ಪಂದ್ಯ ನಿಂದು. ಲಗ್ನ ಅವರದು."

ಅವನು ಒಂದು ಗುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದ. "ನೀಲಾ ಗುಣವಂತಿ, ನಾ ಏನೂ ಅನ್ನಂಗಿಲ್ಲ. ಆದ್ರ ಆ ಮೂಗೊಂದು... ಇನ್ನಾ ನಾಕು ಕಡಿ ನೋಡಿದ್ರ ತಪ್ಪೇನದ?"

ನನಗೆ ಮೈಯೆಲ್ಲ ಉರಿಯಿತು. "ನಿನ್ನ ಹೇಣ್ತಿ ಮೂಗು ಸಂಪಿಗಿ ಎಸಳಂಗ ನೆಟ್ಟಗ ಅದ" ಅಂದೆ. "ಅದನ್ನ ಆರಿಸಿ ತಂದು ಮಣ್ಣು ಸೋಸಾಕ ಹಚ್ಚೀದಿ!" ಒಳಗೆ ವೈನಿ ಕೆಮ್ಮಿದಳು. ನಕ್ಕಳೋ ಏನೋ.

ಕಲಬುರ್ಗಿಯಲ್ಲಿ ನಡೆದದ್ದನ್ನು ಮೌಲಾಲಿ ಬಂದು ಹೇಳಿದ. ಅಣ್ಣ ಚೆನ್ನಾಗಿಯೇ ಹೊಡೆದನಂತೆ, ಕೈ ಅವನದು ಒಳ್ಳೆಯದೇ. ಆದರೆ ಕಡೆಯ ಚೂಪು ಗುಂಡು ಕಾಗದವನ್ನು ಹರಿದುಕೊಂಡು ಹೋಗಿತ್ತು. ತೂತಿನ ಅಂಚು ಒಳಗೆರೆಗೆ ಮುಟ್ಟಿದೆಯೋ ಇಲ್ಲವೋ ಗೊತ್ತಾಗುವ ಹಾಗಿರಲಿಲ್ಲ. ಪಂಚರು ಭೂತಗನ್ನಡಿ ಇಟ್ಟು ನೋಡಿ, ಮುಟ್ಟಿಲ್ಲ ಅಂದರು. ಒಂದೇ ಒಂದು ಅಂಕದಲ್ಲಿ ಬಹುಮಾನದ ಕಪ್ಪು ಬೇರೆಯವನ ಪಾಲಾಯಿತು. ನಮ್ಮಣ್ಣ ಊರಿಗೆ ಬಂದವನೇ ಕಾಗದ ಮಾಡಿದವನನ್ನು, ಪಂಚರನ್ನು, ಭೂತಗನ್ನಡಿಯನ್ನು ಎಲ್ಲ ಬೈದ. ಮೂಗೊಂದನ್ನು ಬಿಟ್ಟು.

ನಾನು ಸಂತೆಯ ದಿನ ಬಳೆಗಾರ್ತಿಯ ಮುಂದೆ ಕುಳಿತು, "ನಮ್ಮ ನೀಲಾಗ ಯಾರರೆ ಕೇಳಿದ್ರ ಕೊಡ್ತೀವಿ, ಅಣ್ಣನ ಮಾತು ಮುಗೀತು" ಎಂದು ಜೋರಾಗಿಯೇ ಅಂದೆ. ಬಳೆಗಾರ್ತಿಗೆ ಹೇಳಿದ್ದು ಹತ್ತು ಊರಿಗೆ ಹೇಳಿದ ಹಾಗೆ. ಹುಣಸಗಿಯಲ್ಲಿ ಬೀಜದ ಅಂಗಡಿ ಇಟ್ಟ ಒಬ್ಬ ಹುಡುಗನ ಮನೆಯವರು ಬಂದು ನೋಡಿ, ಉತ್ತರಕ್ಕೆ ಕಾಯುತ್ತಿದ್ದರು. ನೀಲಾ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಬಸವನ ಕಡೆಗೇ ಅವಳ ಮನಸ್ಸಿತ್ತೆಂದು ನನಗೆ ಗೊತ್ತಿಲ್ಲವೇ? ಹೆತ್ತವಳು ನಾನು.

ಅಷ್ಟರಲ್ಲಿ ಮುಂದಿನ ಪಂದ್ಯ ಬಂತು. ಸೋಲಿನ ಉರಿಗೆ ನಮ್ಮಣ್ಣ ಯಾರಿಗೂ ಹೇಳದೆ ಮೊಂಡು ಅಚ್ಚಿನಲ್ಲಿ ಗುಂಡು ಹೊಯ್ದಿದ್ದ. ಗೆದ್ದೂ ಬಂದ. ಬಸ್ಸಿಳಿದವನು ಮನೆಗೆ ಹೋಗದೆ ಸೀದಾ ನಮ್ಮ ಮನೆಗೆ ಬಂದ. ಒಂದು ಕೈಯಲ್ಲಿ ಹಿತ್ತಾಳೆ ಕಪ್ಪು, ಇನ್ನೊಂದರಲ್ಲಿ ಸಕ್ಕರೆ ಪೊಟ್ಟಣ, ಹೊಸ ಕುಬಸ.

"ಶಾಂತವ್ವಾ, ಮೌಲಾ ಖರೇನ ಹೇಳಿದ್ದ! ಮೊಂಡ ಮೂಗೇ ಗೆಲ್ಲತದ. ಏನು ದುಂಡಗ ಕೊಯ್ತದ ಅಂತಿ! ನನಗ ಈಗ ತಿಳೀತು. ಕೊಡು ನಿನ್ನ ಮಗಳನ್ನ!"

ಅವನ ಲೆಕ್ಕದಲ್ಲಿ ಅದು ಹೊಗಳಿಕೆ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಿಂದ, ರೊಟ್ಟಿ ಬಡಿಯುವ ಸಪ್ಪಳ ನಿಲ್ಲಿಸದೆಯೇ ನೀಲಾ ಕೂಗಿದಳು: "ಅವ್ವಾ, ಕಪ್ಪು ಬರದಿದ್ರ ಮಾವ ಬರ್ತಿದ್ನೇನು ಕೇಳು."

ಅಣ್ಣ ಕಪ್ಪನ್ನು ನೋಡಿದ. ನನ್ನನ್ನು ನೋಡಿದ. ಸುಳ್ಳು ಹೇಳುವ ಅಭ್ಯಾಸ ಮಾತ್ರ ಅವನಿಗಿರಲಿಲ್ಲ.

ರೊಟ್ಟಿ ಬಡಿಯುವುದು ನಿಂತಿತು. "ಮಾವಗ ಚಾ ಕೊಟ್ಟು ಕಳಸು" ಅಂದಳು ನೀಲಾ.

ಚಹಾ ಕೊಟ್ಟೆ. ಕುಡಿದು ಹೋದ. ಕುಬಸ ಕಟ್ಟೆಯ ಮೇಲೆಯೇ ಬಿಟ್ಟು ಹೋಗಿದ್ದ, ವೈನಿಗೆ ಕಳಿಸಿದೆ. ಹೊಸದು ಉಟ್ಟು ತೊಟ್ಟು ಅವಳಿಗೂ ಎಷ್ಟೋ ಕಾಲವಾಗಿತ್ತು. ಆ ರಾತ್ರಿ ನೀಲಾ ಉಣ್ಣಲಿಲ್ಲ. ಬೆಳಿಗ್ಗೆದ್ದು, ಹುಣಸಗಿಯವರಿಗೆ ಹೇಳಿ ಕಳಿಸು ಅಂದಳು. ಲಗ್ನಕ್ಕೆ ಅಣ್ಣ ಬಂದ, ಚಪ್ಪರದ ಮೂಲೆಯಲ್ಲಿ ಕುಳಿತು ಅಕ್ಕಿಕಾಳು ಹಾಕಿದ. ಗುರಿಕಾರನ ಕಾಳು ಒಂದೂ ಮದುಮಕ್ಕಳಿಗೆ ಮುಟ್ಟಲಿಲ್ಲ.

ಅವನನ್ನು ಕಡೆಗೆ ನೋಡಿದ್ದು ಲಕ್ವಾ ಹೊಡೆದ ಮೇಲೆ. ಬಲಗೈ ಸತ್ತಿತ್ತು. ಎಡಗೈಯಲ್ಲಿ ಒಂದು ಗುಂಡು ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ.

"ಏನಂತದೋ ಅದು?" ಎಂದು ಕೂಗಿ ಕೇಳಿದೆ.

"ಏನೂ ಕೇಳಸವಲ್ದು ತಂಗಿ" ಅಂದ.

ಹೊಡೆದ ಸಪ್ಪಳಕ್ಕೆ ಕಿವಿಯೇ ಮಂದವಾಗಿದೆ ಎಂದು ಹೇಳಲು ಹೋಗಲಿಲ್ಲ.

ಅವನು ಹೋದ ಮೇಲೆ ಪಿಸ್ತೂಲನ್ನು ಬಸವ ಠಾಣೆಗೆ ಕೊಟ್ಟುಬಂದ. ವೈನಿ ಕನ್ನಡಿಯನ್ನು ಮತ್ತೆ ಗೋಡೆಗೆ ಹಾಕಿದಳು. ಒಂದು ಮಳೆಗೆ ದಿಬ್ಬ ಕುಸಿದು ಸೀಸವೆಲ್ಲ ಹೊರಬಿತ್ತು. ಗುಜರಿಯವನಿಗೆ ಕೊಡಲು ವೈನಿ ಕಡೆಯ ಸಲ ಸಾಣಿಗಿ ಹಿಡಿದಳು, ನಾನೂ ಹೋಗಿ ಕುಳಿತೆ. ಸಾಣಿಗಿಯ ತುಂಬ ಗುಂಡು ಉಳಿದವು, ಎಲ್ಲ ಜಜ್ಜಿ ಚಪ್ಪಟೆಯಾಗಿದ್ದವು.

"ಇದರಾಗ ನಿಮ್ಮಣ್ಣ ಆರಿಸಿದ ಚೂಪು ಮೂಗಿನವು ಯಾವು, ಹೇಳು ನೋಡೂನು" ಅಂದಳು ವೈನಿ.

ಒಂದೊಂದೇ ಹೆಕ್ಕಿ ನೋಡಿದೆ. ದಿಬ್ಬಕ್ಕೆ ಬಡಿದ ಮೇಲೆ ಒಂದಕ್ಕೂ ಮೂಗು ಉಳಿದಿರಲಿಲ್ಲ.